ಟೀವಿ ನೋಡಿ ಡಬ್ಬಿ ಖಾಲಿ ಮಾಡುವ ಮುನ್ನ...

ರಾತ್ರಿ ಹತ್ತೂವರೆ. ಮಕ್ಕಳು ಮಲಗಿದ್ದಾರೆ. ಪಾತ್ರೆ ತೊಳೆದಾಗಿದೆ, ನಾಳೆಯ ದೋಸೆಹಿಟ್ಟು ಮುಚ್ಚಿಟ್ಟಾಗಿದೆ. ಇನ್ನೊಂದು ಗಂಟೆ ನಿಮ್ಮದೇ. ಕಾಲು ಚಾಚಿ ಕೂತು ಟೀವಿಯಲ್ಲೋ ಮೊಬೈಲಿನಲ್ಲೋ ಹುಡುಕುತ್ತಿರುವಾಗ ಆಹಾರದ ಬಗ್ಗೆ ಒಂದು ಡಾಕ್ಯುಮೆಂಟರಿ ಕಣ್ಣಿಗೆ ಬೀಳುತ್ತದೆ. ‘ಐದು ನಿಮಿಷ ನೋಡೋಣ’ ಅಂತ ಶುರು ಮಾಡಿದವರು ಪೂರ್ತಿ ನೋಡಿಯೇ ಏಳುತ್ತೀರಿ. ಎದ್ದವರು ನೇರ ಮಲಗಲು ಹೋಗುವುದಿಲ್ಲ. ಅಡುಗೆಮನೆಗೆ ಹೋಗಿ ಲೈಟು ಹಾಕಿ, ಸಾಲಾಗಿ ಜೋಡಿಸಿಟ್ಟ ಡಬ್ಬಿಗಳನ್ನು ಅನುಮಾನದಿಂದ ನೋಡುತ್ತೀರಿ. ಅಯ್ಯೋ, ಇಷ್ಟು ದಿನ ಮಕ್ಕಳಿಗೆ ಏನು ತಿನ್ನಿಸಿಬಿಟ್ಟೆನೋ!

ನಿಮಗೂ ಹೀಗಾಗಿದೆಯಾ? ಹಾಗಿದ್ದರೆ ನೀವು ನನ್ನ ಪೈಕಿಯೇ ಬಿಡಿ.

ನಾನು ನೋಡಿದ್ದು ಸಕ್ಕರೆ ಬಗ್ಗೆ ಆಸ್ಟ್ರೇಲಿಯಾದವರು ಮಾಡಿದ ಒಂದು ಚಿತ್ರ. ಮಾರನೇ ದಿನ ಬೆಳಗ್ಗೆಯೇ ಬಿಸ್ಕತ್ತು, ಜಾಮು, ಟೊಮೆಟೊ ಸಾಸು, ಮಕ್ಕಳ ಹಾಲಿಗೆ ಹಾಕುವ ಪುಡಿ ಎಲ್ಲವೂ ಕಸದ ಬುಟ್ಟಿ ಸೇರಿದವು. ಕಾಫಿಗೆ ಸಕ್ಕರೆ ಬಂದ್. ನಮ್ಮ ಮನೆಯವರು ಒಂದು ಗುಟುಕು ಕುಡಿದು, ‘ಯಾರಿಗೆ ಹುಷಾರಿಲ್ಲ, ಕಷಾಯ ಮಾಡಿದೀಯಲ್ಲ?’ ಅಂದರು. ನಾನು ಜಗ್ಗಲಿಲ್ಲ. ಮೂರನೇ ಕ್ಲಾಸಿನ ಮಗಳಿಗಂತೂ ದಿನಾ ಪಾಠ. ‘ಸಕ್ಕರೆ, ಬೆಲ್ಲ ಎಲ್ಲಾ ವಿಷ ಪುಟ್ಟಾ, ಮುಟ್ಟಬಾರದು.’

ಹದಿನೈದು ದಿನ ಕಳೆದ ಮೇಲೆ ತಿಪಟೂರಿನಿಂದ ಅತ್ತೆ ಬಂದರು. ಮೊಮ್ಮಗಳಿಗೆ ಇಷ್ಟ ಅಂತ ಸ್ಟೀಲಿನ ಡಬ್ಬಿ ತುಂಬಾ ತಂಬಿಟ್ಟು ಮಾಡಿ ತಂದಿದ್ದರು. ಮನೆಯ ಕೊಬ್ಬರಿ, ಹುರಿಗಡಲೆ, ಬೆಲ್ಲ. ಬಸ್ಸಿಳಿದು ಬಂದವರು ಕೈಕಾಲು ತೊಳೆದು ಮೊದಲು ಬಿಚ್ಚಿದ್ದೇ ಆ ಡಬ್ಬಿ. ‘ಬಾರೆ ಕಂದಾ, ತಗಾ’ ಅಂತ ಕೈ ಚಾಚಿದರೆ ಮಗಳು ಎರಡೂ ಕೈ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ‘ಬೇಡ ಅಜ್ಜಿ, ಅದು ವಿಷ. ನೀನೂ ತಿನ್ಬೇಡ, ಸತ್ತೋಗ್ತೀಯ.’

ಅತ್ತೆ ಏನೂ ಮಾತಾಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಮೂಲೆಯಲ್ಲಿಟ್ಟರು. ರಾತ್ರಿ ಊಟಕ್ಕೆ ಕೂತಾಗ ಮಾತ್ರ ತಲೆ ತಗ್ಗಿಸಿಕೊಂಡೇ ಕೇಳಿದರು. ‘ನಾನೇನು ಮೊಮ್ಮಗೀಗೆ ವಿಷ ತಂದ್ನೇನಮ್ಮ?’

ಅದು ಅಲ್ಲಿಗೇ ಮುಗಿಯಲಿಲ್ಲ. ಆಮೇಲೆ ಒಂದು ರಾತ್ರಿ ಮಗಳು ಹೊದಿಕೆಯೊಳಗೆ ಬಿಕ್ಕುತ್ತಿದ್ದಳು. ಏನಾಯ್ತು ಅಂದರೆ ಹೇಳಲೊಲ್ಲಳು. ಬಹಳ ಹೊತ್ತು ತಲೆ ಸವರಿದ ಮೇಲೆ ಬಾಯಿಬಿಟ್ಟಳು. ಕ್ಲಾಸಿನಲ್ಲಿ ಯಾರದೋ ಹುಟ್ಟುಹಬ್ಬ, ಕೊಟ್ಟ ಚಾಕೊಲೇಟನ್ನು ಆಸೆಗೆ ತಿಂದುಬಿಟ್ಟಿದ್ದಳು. ‘ನಂಗೇನಾದ್ರೂ ಆಗುತ್ತಾಮ್ಮ?’

ಎಂಟು ವರ್ಷದ ಮಗು ಒಂದು ಚಾಕೊಲೇಟಿಗೆ ಪ್ರಾಣಭಯ ಪಡುತ್ತಿದೆ ಅಂದರೆ ತಪ್ಪು ಚಾಕೊಲೇಟಿನದಾ, ಸಿನಿಮಾದ್ದಾ, ನನ್ನದಾ? ಅವತ್ತಿನಿಂದ ಇದರ ಬಗ್ಗೆ ಯೋಚಿಸುತ್ತಿದ್ದೇನೆ. ಆಹಾರದ ಚಿತ್ರಗಳನ್ನು ನೋಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಅವುಗಳಿಂದ ಕಲಿತದ್ದು ಬಹಳ ಇದೆ. ಆದರೆ ಟೀವಿಗೂ ಒಲೆಗೂ ಮಧ್ಯೆ ಒಂದು ಹೊಸ್ತಿಲು ಬೇಕು. ಕಂಡದ್ದೆಲ್ಲ ನೇರ ಒಳಗೆ ನುಗ್ಗಿ ತಟ್ಟೆಗೆ ಬೀಳಬಾರದು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಮೂವತ್ತು ದಿನ, ಮೂರೂ ಹೊತ್ತು ಬರ್ಗರ್

ಈ ಬಗೆಯ ಚಿತ್ರಗಳಲ್ಲಿ ಬಹಳ ಹೆಸರು ಮಾಡಿದ್ದು 2004ರಲ್ಲಿ ಬಂದ ‘ಸೂಪರ್ ಸೈಜ್ ಮಿ’. ಅಮೆರಿಕದ ಮೋರ್ಗನ್ ಸ್ಪರ್ಲಾಕ್ 30 ದಿನ ಮೂರೂ ಹೊತ್ತು ಮೆಕ್‌ಡೊನಾಲ್ಡ್ಸ್ ಊಟವನ್ನೇ ಮಾಡಿದರು. ಅಂಗಡಿಯವರು ‘ದೊಡ್ಡ ಸೈಜು ಕೊಡಲಾ?’ ಅಂತ ಕೇಳಿದರೆ ಬೇಡ ಅನ್ನುವಂತಿಲ್ಲ, ದಿನಕ್ಕೆ ಐದು ಸಾವಿರ ಹೆಜ್ಜೆಗಿಂತ ಹೆಚ್ಚು ನಡೆಯುವಂತಿಲ್ಲ ಎಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ತಿಂಗಳು ತುಂಬುವಷ್ಟರಲ್ಲಿ ತೂಕ 11 ಕೆ.ಜಿ. ಏರಿತ್ತು, ಕೊಲೆಸ್ಟ್ರಾಲ್ ಹೆಚ್ಚಿತ್ತು, ಲಿವರ್ ಪರೀಕ್ಷೆಯ ವರದಿ ನೋಡಿ ಡಾಕ್ಟರು ಗಾಬರಿಯಾಗಿದ್ದರು. ಆ ತೂಕ ಇಳಿಸಲು ಅವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಚಿತ್ರ ನೋಡಿದ ಎಷ್ಟೋ ಮಂದಿಗೆ ಬರ್ಗರ್ ಅಂದರೆ ವಾಕರಿಕೆ ಬಂತು. ಅದೇ ವರ್ಷ ಕಂಪೆನಿಯೂ ‘ಸೂಪರ್ ಸೈಜ್’ ಮಾರುವುದನ್ನು ನಿಲ್ಲಿಸುವುದಾಗಿ ಹೇಳಿತು. ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತಲೂ ಸೇರಿಸಿತು ಅನ್ನಿ!

ಕಥೆಗೆ ಇನ್ನೊಂದು ಅಧ್ಯಾಯ ಇದೆ. 2017ರ ಡಿಸೆಂಬರಿನಲ್ಲಿ ಸ್ಪರ್ಲಾಕ್ ತಾವೇ ಬರೆದುಕೊಂಡರು. ಹದಿಮೂರನೇ ವಯಸ್ಸಿನಿಂದಲೂ ಕುಡಿತ ಇತ್ತು, 30 ವರ್ಷದಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಾಲ ಬಿಟ್ಟಿದ್ದೇ ಇಲ್ಲ ಅಂತ. ಹಾಗಾದರೆ ಆ ಲಿವರ್ ಕೆಟ್ಟಿದ್ದು ಬರ್ಗರಿನಿಂದಲಾ, ಮದ್ಯದಿಂದಲಾ, ಎರಡರಿಂದಲೂನಾ? ಚಿತ್ರ ನೋಡಿ ಬೆಚ್ಚಿಬಿದ್ದ ನಮಗೆ ಈ ಪ್ರಶ್ನೆ ಕೇಳಿಕೊಳ್ಳುವ ಅವಕಾಶವೇ ಇರಲಿಲ್ಲ. ಸ್ಪರ್ಲಾಕ್ 2024ರ ಮೇ ತಿಂಗಳಲ್ಲಿ, 53ನೇ ವಯಸ್ಸಿಗೇ, ಕ್ಯಾನ್ಸರಿನಿಂದ ತೀರಿಕೊಂಡರು.

ಹಾಗಂತ ದಿನಾ ಬರ್ಗರ್ ತಿಂದರೆ ಪರವಾಗಿಲ್ಲ ಅಂತಲ್ಲ. ಆ ಚಿತ್ರ ಹೇಳಿದ ದೊಡ್ಡ ಮಾತು ಸರಿಯೇ. ಆದರೆ ಒಬ್ಬ ಮನುಷ್ಯನ ದೇಹದಲ್ಲಿ ಒಂದು ತಿಂಗಳಲ್ಲಿ ಆದದ್ದನ್ನು ಎಲ್ಲರ ಮನೆಗೂ ಹಾಗೇ ಹೊಂದಿಸಲು ಬರುವುದಿಲ್ಲ. ಆ ಒಬ್ಬರ ಬದುಕಿನಲ್ಲಿ ಕ್ಯಾಮೆರಾಕ್ಕೆ ಕಾಣದ ಸಂಗತಿಗಳು ಎಷ್ಟಿರುತ್ತವೋ!

‘ಒಳ್ಳೇದು’ ಅಂತ ಕೊಂಡದ್ದರಲ್ಲೇ ಸಕ್ಕರೆ

ಇನ್ನು ನನ್ನ ತಲೆ ಕೆಡಿಸಿದ ಚಿತ್ರದ ವಿಷಯ. ‘ದಟ್ ಶುಗರ್ ಫಿಲ್ಮ್’ ಅಂತ, 2014ರದ್ದು. ಡೇಮನ್ ಗೇಮೋ ಎಂಬ ಆಸ್ಟ್ರೇಲಿಯಾದ ನಟ 60 ದಿನ ದಿನಕ್ಕೆ 40 ಟೀ ಚಮಚದಷ್ಟು ಸಕ್ಕರೆ ತಿನ್ನುತ್ತಾರೆ. ಹೇಗೆ ಗೊತ್ತಾ? ಐಸ್‌ಕ್ರೀಮು, ಚಾಕೊಲೇಟು, ಕೋಲಾ ಒಂದನ್ನೂ ಮುಟ್ಟದೆ! ಕೊಬ್ಬು ಕಡಿಮೆ ಎಂದು ಬರೆದಿರುವ ಸಿಹಿ ಮೊಸರು, ಹಣ್ಣಿನ ರಸ, ಬೆಳಗಿನ ತಿಂಡಿಯ ಸೀರಿಯಲ್ಲು, ಧಾನ್ಯದ ಬಾರುಗಳು. ಅಂದರೆ ಅಂಗಡಿಯಲ್ಲಿ ‘ಆರೋಗ್ಯಕ್ಕೆ ಒಳ್ಳೇದು’ ಅಂತ ನಾವು ಎರಡು ಕಾಸು ಹೆಚ್ಚು ಕೊಟ್ಟು ತರುವಂಥವು. ಎರಡು ತಿಂಗಳಲ್ಲಿ ಅವರ ತೂಕ ಎಂಟೂವರೆ ಕೆ.ಜಿ. ಏರಿತು, ಸೊಂಟದ ಸುತ್ತಳತೆ 10 ಸೆಂಟಿಮೀಟರ್ ಹೆಚ್ಚಿತು.

ಇದೂ ಒಬ್ಬರ ಮೇಲಿನ ಪ್ರಯೋಗವೇ. ಆದರೆ ಇದರಿಂದ ನನಗೊಂದು ನಿಜವಾದ ಲಾಭ ಆಯಿತು. ಪೊಟ್ಟಣದ ಮುಂಭಾಗ ನೋಡುವುದು ಬಿಟ್ಟು ಹಿಂಭಾಗ ತಿರುಗಿಸಿ ಓದುವುದು ಕಲಿತೆ. ನೀವೂ ಕಲಿಯಿರಿ, ಬಹಳ ಸುಲಭ. ಯಾವ ಪದಾರ್ಥ ಹೆಚ್ಚು ಹಾಕಿದ್ದಾರೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ, ಉಳಿದವು ಇಳಿಕೆಯ ಕ್ರಮದಲ್ಲಿ. ಸಕ್ಕರೆ ಮೊದಲ ಮೂರರಲ್ಲೇ ಇದ್ದರೆ ಅದು ತಿಂಡಿ ಅಲ್ಲ, ಸಿಹಿತಿಂಡಿ. ಸಕ್ಕರೆಯ ಗ್ರಾಂ ಲೆಕ್ಕವನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು ಟೀ ಚಮಚ ಅಂತ ಸಿಗುತ್ತದೆ. 20 ಗ್ರಾಂ ಅಂದರೆ ಐದು ಚಮಚ.

ಎಷ್ಟು ತಿನ್ನಬಹುದು? ಹಾಲಿನಲ್ಲಿ, ಇಡೀ ಹಣ್ಣಿನಲ್ಲಿ ಸಹಜವಾಗಿ ಇರುವುದನ್ನು ಬಿಟ್ಟು, ಮೇಲಿನಿಂದ ಸೇರಿಸುವ ಸಕ್ಕರೆ, ಜೇನುತುಪ್ಪ, ಹಣ್ಣಿನ ರಸ ಇತ್ಯಾದಿಯ ಸಿಹಿ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದೊಡ್ಡವರಿಗೆ ಶೇ 5 ಅಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. ಬೆಲ್ಲವನ್ನೂ ಇದೇ ಲೆಕ್ಕಕ್ಕೆ ಹಿಡಿಯಿರಿ. ಆರು ಚಮಚ! ಸೊನ್ನೆ ಅಂತ ಎಲ್ಲೂ ಹೇಳಿಲ್ಲ ನೋಡಿ. ನಾನು ಅವತ್ತು ರಾತ್ರಿ ಸಿನಿಮಾ ಬಿಟ್ಟು ಈ ಒಂದು ಸಾಲು ಓದಿದ್ದರೆ ಅತ್ತೆಯ ತಂಬಿಟ್ಟಿಗೆ ಜಾಗ ಇರುತ್ತಿತ್ತು.

ಚಿತ್ರಗಳಿಂದ, ವಿಡಿಯೊಗಳಿಂದ ಒಳ್ಳೆಯದೂ ಆಗಿದೆ. ನಮ್ಮ ದೇಶದಲ್ಲೇ 2023ರ ಏಪ್ರಿಲಿನಲ್ಲಿ ಬೌರ್ನ್‌ವಿಟಾದ ಸಕ್ಕರೆ ಬಗ್ಗೆ ಯುವಕನೊಬ್ಬ ಮಾಡಿದ ಪುಟ್ಟ ವಿಡಿಯೊ ದೇಶವೆಲ್ಲ ಸುತ್ತಿತು. ಕಂಪೆನಿಯ ನೋಟಿಸು ಬಂದು ಆತ ಅದನ್ನು ತೆಗೆಯಬೇಕಾಯಿತು. ಆದರೆ ಅದೇ ವರ್ಷದ ಕೊನೆಗೆ ಕಂಪೆನಿ ಸಕ್ಕರೆ ಪ್ರಮಾಣವನ್ನು ಇಳಿಸಿತು. ನಾವು ನೋಡುತ್ತೇವೆ, ಓದುತ್ತೇವೆ ಅಂತ ಗೊತ್ತಾದರೆ ಅವರಿಗೂ ಭಯ ಇರುತ್ತದೆ.

ಬೇಲಿಯಾಚೆಯಿಂದ ಊಟ ಕೊಟ್ಟ ಅಮ್ಮಂದಿರು

ಮಕ್ಕಳಿರುವ ನಮಗೆ ತುಂಬಾ ಹತ್ತಿರವಾದ ಕಥೆ ಇಂಗ್ಲೆಂಡಿನದು. 2005ರಲ್ಲಿ ಬಾಣಸಿಗ ಜೇಮೀ ಆಲಿವರ್ ‘ಜೇಮೀಸ್ ಸ್ಕೂಲ್ ಡಿನ್ನರ್ಸ್’ ಎಂಬ ನಾಲ್ಕು ಕಂತಿನ ಕಾರ್ಯಕ್ರಮ ಮಾಡಿದರು. ಶಾಲೆಯ ಮಧ್ಯಾಹ್ನದ ಊಟದಲ್ಲಿ ಮಕ್ಕಳು ಏನು ತಿನ್ನುತ್ತಿದ್ದಾರೆ ಅಂತ ತೋರಿಸಿದರು. ಕರಿದ ಚಿಪ್ಸು, ಮಾಂಸದ ಚೂರುಪಾರು ಸೇರಿಸಿ ಸುರುಳಿ ಮಾಡಿದ ‘ಟರ್ಕಿ ಟ್ವಿಜ್ಲರ್’. ಊರಿಗೆ ಊರೇ ಸಿಟ್ಟಾಯಿತು. ಒಳ್ಳೆ ಊಟ ಕೊಡಿ ಅಂತ 2 ಲಕ್ಷ 70 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿ ಪ್ರಧಾನಿಯ ಮನೆಗೆ ಹೋಯಿತು. ಸರ್ಕಾರ 28 ಕೋಟಿ ಪೌಂಡ್ ಕೊಡುವುದಾಗಿ ಒಪ್ಪಿಕೊಂಡಿತು. ಟ್ವಿಜ್ಲರ್ ತಯಾರಿಕೆಯೂ ಅದೇ ವರ್ಷ ನಿಂತಿತು. ಒಂದು ಟೀವಿ ಕಾರ್ಯಕ್ರಮದಿಂದ!

ಆದರೆ ಮುಂದೇನಾಯಿತು? 2006ರಲ್ಲಿ ರಾದರಮ್ ಎಂಬಲ್ಲಿ ಕೆಲವು ಅಮ್ಮಂದಿರು ಶಾಲೆಯ ಬೇಲಿಯಾಚೆ ನಿಂತು ಮಕ್ಕಳಿಗೆ ಬರ್ಗರ್, ಚಿಪ್ಸು ದಾಟಿಸಿದರು. ಮಕ್ಕಳಿಗೆ ಹೊಸ ಊಟ ಸೇರುತ್ತಿಲ್ಲ, ಹಸಿದಿರುತ್ತವೆ ಅಂತ ಅವರ ದೂರು. ಪತ್ರಿಕೆಗಳು ಆ ತಾಯಂದಿರನ್ನು ಆಡಿಕೊಂಡವು. ಹಲವು ಕಡೆ ಶಾಲೆಯ ಊಟ ಮಾಡುವ ಮಕ್ಕಳ ಸಂಖ್ಯೆಯೇ ಕಡಿಮೆಯಾಯಿತು.

ನನಗೆ ಆ ಅಮ್ಮಂದಿರ ಮೇಲೆ ಸಿಟ್ಟು ಬರುವುದಿಲ್ಲ. ಮಗು ಹಸಿದಿದೆ ಅಂದರೆ ಯಾವ ತಾಯಿ ಸುಮ್ಮನಿರುತ್ತಾಳೆ ಹೇಳಿ? ಊಟ ಒಳ್ಳೆಯದೇ ಆಗಿತ್ತು. ಆದರೆ ಅದು ತಟ್ಟೆಗೆ ದಿಢೀರನೆ ಬಂತು, ತಿನ್ನುವವರನ್ನು ಯಾರೂ ಕೇಳಿರಲಿಲ್ಲ. ಜೇಮೀ ಮೊದಲು ಕೆಲಸ ಮಾಡಿದ ಗ್ರೀನಿಚ್ ಪ್ರದೇಶದ ಶಾಲೆಗಳಲ್ಲಿ ಇಂಗ್ಲಿಷ್, ವಿಜ್ಞಾನದಲ್ಲಿ ಮಕ್ಕಳ ಫಲಿತಾಂಶ ಸುಧಾರಿಸಿತ್ತು, ಕಾಯಿಲೆಯಂಥ ಕಾರಣಕ್ಕೆ ರಜೆ ಹಾಕುವುದು ಇಳಿದಿತ್ತು ಎಂದು ಆಮೇಲೆ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ ಬರೆದರು. ಅಂದರೆ ಬದಲಾವಣೆ ಬೇಕು, ನಿಧಾನವೂ ಬೇಕು.

ಮನಸ್ಸಿಗೆ ಯಾಕಿಷ್ಟು ನಾಟುತ್ತೆ?

ಸೊಪ್ಪು ತಿನ್ನು, ಸಿಹಿ ಕಡಿಮೆ ಮಾಡು ಅಂತ ಅಮ್ಮ ಇಪ್ಪತ್ತು ವರ್ಷ ಹೇಳಿದ್ದು ಕಿವಿಗೆ ಹೋಗಿರುವುದಿಲ್ಲ. ಅದನ್ನೇ ಟೀವಿ ಒಂದೂವರೆ ಗಂಟೆಯಲ್ಲಿ ಹೇಳಿದರೆ ಎದ್ದು ಹೋಗಿ ಡಬ್ಬಿ ಖಾಲಿ ಮಾಡುತ್ತೇವೆ. ಯಾಕೆ?

ಯಾಕೆಂದರೆ ಚಿತ್ರ ಕಥೆ ಹೇಳುತ್ತದೆ. ಅಲ್ಲೊಬ್ಬ ನಮ್ಮಂಥ ಮನುಷ್ಯ ಇರುತ್ತಾನೆ. ಮೊದಲು ದಪ್ಪ, ಆಮೇಲೆ ತೆಳ್ಳಗೆ. ಮೊದಲು ಸುಸ್ತು, ಆಮೇಲೆ ಬೆಟ್ಟ ಹತ್ತುತ್ತಾನೆ. ಬಿಳಿ ಕೋಟಿನ ಡಾಕ್ಟರು ತಲೆ ಅಲ್ಲಾಡಿಸುತ್ತಾರೆ, ಹಿಂದೆ ಎದೆ ನಡುಗಿಸುವ ಸಂಗೀತ. ಸಾಮಾನ್ಯವಾಗಿ ಭಯ, ಅಸಹ್ಯ, ಆಸೆ ಈ ಮೂರರಲ್ಲಿ ಒಂದನ್ನು ನಮ್ಮೊಳಗೆ ಎಬ್ಬಿಸಿಬಿಡುತ್ತಾರೆ. ಲೆಕ್ಕ, ಅಂಕಿ ಅಂಶ ಮರೆತುಹೋಗುತ್ತವೆ. ಎಬ್ಬಿಸಿದ ಭಯ ಮಾತ್ರ ಉಳಿಯುತ್ತದೆ.

ಅದಕ್ಕೇ ಕೆಲವೊಮ್ಮೆ ಉಪ್ಪುಕಾರ ಜಾಸ್ತಿ ಹಾಕುತ್ತಾರೆ. 2017ರ ‘ವಾಟ್ ದಿ ಹೆಲ್ತ್’ ಚಿತ್ರದಲ್ಲಿ ದಿನಕ್ಕೊಂದು ಮೊಟ್ಟೆ ತಿನ್ನುವುದು ಐದು ಸಿಗರೇಟು ಸೇದಿದಷ್ಟೇ ಕೆಟ್ಟದ್ದು ಅನ್ನುವ ಮಾತು ಬರುತ್ತದೆ. ಪೋಷಣೆಯ ತಜ್ಞರು ಇದನ್ನು ಒಪ್ಪಲಿಲ್ಲ. ಆದರೆ ಆ ದೃಶ್ಯ ನೋಡಿದವರ ಕಣ್ಣಿಗೆ ಮೊಟ್ಟೆ ಕಂಡಾಗಲೆಲ್ಲ ಸಿಗರೇಟು ಕಾಣದೇ ಇದ್ದೀತೇ? ಸಸ್ಯಾಹಾರ ತಿಂದೇ ಕ್ರೀಡಾಪಟುಗಳು ಗೆಲ್ಲಬಹುದು ಎಂದು ತೋರಿಸುವ ‘ದಿ ಗೇಮ್ ಚೇಂಜರ್ಸ್’ ಇನ್ನೊಂದು. ಅದರ ನಿರ್ಮಾಪಕರ ಸಾಲಿನಲ್ಲಿದ್ದ ಜೇಮ್ಸ್ ಕ್ಯಾಮರಾನ್ ದಂಪತಿ ಬಟಾಣಿಯಿಂದ ಪ್ರೋಟೀನ್ ತೆಗೆಯುವ ಕಂಪೆನಿಯನ್ನೂ ಕಟ್ಟಿದ್ದರು ಎಂಬುದನ್ನು ಟೀಕಾಕಾರರು ಎತ್ತಿ ತೋರಿಸಿದರು. ಸಸ್ಯಾಹಾರ ಒಳ್ಳೆಯದೇ ಇರಬಹುದು. ಆದರೆ ಹೇಳುವವರಿಗೆ ಅದರಿಂದ ಏನು ಲಾಭ ಅಂತ ಗೊತ್ತಿರಬೇಕಲ್ವಾ? ತರಕಾರಿ ಅಂಗಡಿಯವನು ‘ಬದನೆಕಾಯಿ ಇವತ್ತು ಸೂಪರ್ ಅಮ್ಮಾ’ ಅಂದರೆ ನಾವು ಒಂದೆರಡನ್ನು ಒತ್ತಿ ನೋಡಿಯೇ ತಾನೇ ತಗೊಳ್ಳೋದು?

ಸ್ವಲ್ಪ ಗಟ್ಟಿ ಲೆಕ್ಕ ಇಟ್ಟುಕೊಂಡು ಮಾಡಿದ್ದೂ ಇದೆ. 2024ರ ಜನವರಿಯಲ್ಲಿ ಬಂದ ‘ಯು ಆರ್ ವಾಟ್ ಯು ಈಟ್’ ಸರಣಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ ಆಧಾರ. 22 ಜೋಡಿ ಅವಳಿಗಳು. ಒಂದೇ ರೂಪ, ಒಂದೇ ವಂಶವಾಹಿ. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಎಂಟು ವಾರ ಹಾಲು, ಮೊಟ್ಟೆ, ಮಾಂಸ ಇಲ್ಲದ ಊಟ. ಇನ್ನೊಬ್ಬರಿಗೆ ಇವೆಲ್ಲ ಇರುವ, ಆದರೆ ಒಳ್ಳೆಯ ಊಟ. ಮೊದಲ ಗುಂಪಿನವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚು ಇಳಿಯಿತು. ಅದು ನಿಜ. ಜೊತೆಗೆ ಆ ಗುಂಪಿನವರಿಗೆ ಊಟದ ತೃಪ್ತಿ ಕಡಿಮೆಯಿತ್ತು, ಬಿ12 ವಿಟಮಿನ್ ಸಿಗುವುದೂ ಕಡಿಮೆಯಾಗಿತ್ತು. ಅದೂ ನಿಜವೇ. ಬಿ12 ಸಹಜವಾಗಿ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಹಾಲು ಮೊಸರನ್ನೇ ನೆಚ್ಚಿಕೊಂಡ ಸಸ್ಯಾಹಾರಿ ಮನೆಯಲ್ಲಿ ಚಿತ್ರ ನೋಡಿ ಅದನ್ನೂ ನಿಲ್ಲಿಸಿಬಿಟ್ಟರೆ? ಡಾಕ್ಟರನ್ನು ಕೇಳಿ ಬಿ12 ಬೇರೆ ದಾರಿಯಲ್ಲಿ ಪಡೆಯಲೇಬೇಕಾಗುತ್ತದೆ.

ಮಾತ್ರೆ ತಗೊಳ್ಳೋರು ಹುಷಾರ್!

‘ಫ್ಯಾಟ್, ಸಿಕ್ ಅಂಡ್ ನಿಯರ್ಲಿ ಡೆಡ್’ ಅಂತ 2010ರ ಚಿತ್ರ. ಜೋ ಕ್ರಾಸ್ ಎಂಬವರು 60 ದಿನ ಬರೀ ಹಣ್ಣು ತರಕಾರಿ ರಸ ಕುಡಿದು ತೂಕ ಇಳಿಸಿದ ಕಥೆ. ಅವರು ಡಾಕ್ಟರ ನಿಗಾದಲ್ಲಿ ಮಾಡಿದ್ದು ಎಂಬುದನ್ನು ನೋಡಿದವರು ಮರೆಯುತ್ತಾರೆ.

ನಮ್ಮ ಬೀದಿಯಲ್ಲಿ ಒಬ್ಬರು ಆಂಟಿ ಇದ್ದಾರೆ. ಐವತ್ತೈದರ ಆಸುಪಾಸು, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಾರೆ. ಅಮೆರಿಕದಲ್ಲಿರುವ ಮಗ ಹೇಳಿದ ಅಂತ ಈ ಚಿತ್ರ ನೋಡಿ ಬರೀ ಸೌತೆಕಾಯಿ, ಸೊಪ್ಪಿನ ರಸ ಶುರು ಮಾಡಿದರು. ಊಟ ಬಿಟ್ಟರು, ಮಾತ್ರೆ ಬಿಡಲಿಲ್ಲ. ಮೂರನೇ ದಿನ ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಅಂಕಲ್ ಗಾಬರಿಯಾಗಿ ನಮ್ಮ ಮನೆ ಬಾಗಿಲು ಬಡಿದರು. ನಾನು ಓಡಿಹೋಗಿ ಸಕ್ಕರೆ ನೀರು ಕುಡಿಸಿದೆ. ಸಕ್ಕರೆ! ನಾನು ಮನೆಯಿಂದ ಓಡಿಸಿದ್ದ ಅದೇ ಸಕ್ಕರೆ ಅವತ್ತು ಅವರ ಜೀವ ಉಳಿಸಿತು. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಊಟವಿಲ್ಲದ ಹೊಟ್ಟೆಗೆ ಮಾತ್ರೆ ಹೋಗಿ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು ಅಂದರು ಡಾಕ್ಟರು. ಇನ್ನೊಂದು ಗಂಟೆ ತಡವಾಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ, ಥೈರಾಯ್ಡ್ ತೊಂದರೆ ಇರುವವರು, ಬಸುರಿಯರು, ಹಾಲೂಡಿಸುವ ತಾಯಂದಿರು ಯಾವ ಚಿತ್ರ ನೋಡಿದರೂ ಊಟದ ಕ್ರಮ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಇನ್ನೊಂದು ಮಾತು, ಸೋರೆಕಾಯಿ ರಸ ಕುಡಿಯುವ ಅಭ್ಯಾಸ ಇದ್ದರೆ ಮೊದಲು ಚೂರು ನಾಲಿಗೆಗಿಟ್ಟು ನೋಡಿ. ಕಹಿ ಇದ್ದರೆ ಚೆಲ್ಲಿಬಿಡಿ. ಕಹಿ ಸೋರೆ ರಸ ಜೀವಕ್ಕೇ ಅಪಾಯ.

ಡಾಕ್ಯುಮೆಂಟರಿ ವೈರಾಗ್ಯ

ಹಿರಿಯರು ಸ್ಮಶಾನ ವೈರಾಗ್ಯ, ಪ್ರಸೂತಿ ವೈರಾಗ್ಯ, ಪುರಾಣ ವೈರಾಗ್ಯ ಅಂತ ಹೇಳುತ್ತಿದ್ದರಲ್ಲ, ಅದಕ್ಕೆ ನಾಲ್ಕನೆಯದಾಗಿ ಡಾಕ್ಯುಮೆಂಟರಿ ವೈರಾಗ್ಯ ಅಂತ ಸೇರಿಸಬಹುದು! ನೋಡಿದ ರಾತ್ರಿ ಉಗ್ರ ಶಪಥ, ಮೊದಲ ವಾರ ಉತ್ಸಾಹ, ಎರಡನೇ ವಾರ ಗೊಣಗಾಟ, ಮೂರನೇ ವಾರ ಯಾರದೋ ಮದುವೆ ಮನೆಯಲ್ಲಿ ಎರಡೆರಡು ಹೋಳಿಗೆ. ಅಲ್ಲಿಗೆ ಮುಗೀತು.

ನಮ್ಮ ಮನಸ್ಸು ದುರ್ಬಲ ಅಂತ ಹೀಗಾಗುವುದಲ್ಲ. ಊಟದ ಅಭ್ಯಾಸ ಅನ್ನೋದು ತಲೆಯಲ್ಲಿ ಮಾತ್ರ ಇರುವುದಿಲ್ಲ. ತಿಂಗಳ ದಿನಸಿ ಚೀಟಿಯಲ್ಲಿದೆ, ಬೆಳಗಿನ ಆರು ಗಂಟೆಯ ಗಡಿಬಿಡಿಯಲ್ಲಿದೆ, ಮಾವನವರ ಮೆದು ಹಲ್ಲಿನಲ್ಲಿದೆ, ಮಕ್ಕಳ ಟಿಫಿನ್ ಬಾಕ್ಸಿನಲ್ಲಿದೆ. ಇಷ್ಟನ್ನೂ ಬದಲಾಯಿಸದೆ ಬರೀ ಶಪಥ ಬದಲಾಯಿಸಿದರೆ ನಿಲ್ಲುವುದು ಹೇಗೆ? ಅದೂ ಅಲ್ಲದೆ, ಚಿತ್ರ ನೋಡಿದ್ದು ನೀವೊಬ್ಬರೇ. ಬದಲಾಗಬೇಕಾದದ್ದು ಮಾತ್ರ ಐದು ಜನರ ತಟ್ಟೆ!

ನಮ್ಮ ಕಡೆಯ ಸಿರಿಧಾನ್ಯದ ಕಥೆಯನ್ನೇ ನೋಡಿ. ಮೈಸೂರಿನ ಡಾ. ಖಾದರ್ ವಲಿ ಅವರ ಭಾಷಣ, ಸಂದರ್ಶನದ ವಿಡಿಯೊಗಳನ್ನು ನೋಡಿ ಎಷ್ಟೋ ಮನೆಗಳಲ್ಲಿ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಮತ್ತೆ ಒಲೆ ಏರಿದವು. ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ವಿಶ್ವಸಂಸ್ಥೆ ಅದೇ ವರ್ಷವನ್ನು ಸಿರಿಧಾನ್ಯ ವರ್ಷ ಅಂತ ಆಚರಿಸಿತು. ನಾನೂ ತಂದೆ. ಒಂದೇ ದಿನ ಅಕ್ಕಿ ಡಬ್ಬಿ ಮೇಲಿಟ್ಟು ಮೂರೂ ಹೊತ್ತು ನವಣೆ, ಅದೂ ಸರಿಯಾಗಿ ನೆನೆಸದೆ ಬೇಯಿಸಿದ್ದು. ಮಾವನವರಿಗೆ ಹೊಟ್ಟೆ ಉಬ್ಬರ, ಮಗಳಿಗೆ ಗಂಟಲಲ್ಲಿ ಇಳಿಯದು. ಎರಡೇ ವಾರಕ್ಕೆ ಡಬ್ಬಿ ಅಟ್ಟ ಸೇರಿತು. ತಪ್ಪು ಧಾನ್ಯದ್ದಲ್ಲ, ನನ್ನ ಅವಸರದ್ದು. ಆರು ತಿಂಗಳ ನಂತರ ಮತ್ತೆ ಇಳಿಸಿದೆ. ರಾತ್ರಿಯೇ ನೆನೆಹಾಕಿ, ವಾರಕ್ಕೊಂದು ದಿನ ನವಣೆ ಬಿಸಿಬೇಳೆಬಾತು. ಈಗ ವಾರಕ್ಕೆ ಮೂರು ದಿನ ಆಗಿದೆ, ಯಾರೂ ಗೊಣಗುವುದಿಲ್ಲ.

ಹೀಗೆ ಮಾಡಿ ನೋಡಿ

* ಮೂರು ರಾತ್ರಿ ಕಳೆಯಲಿ. ಚಿತ್ರ ನೋಡಿದ ದಿನ ಏನನ್ನೂ ಎಸೆಯಬೇಡಿ, ಏನನ್ನೂ ಕೊಳ್ಳಬೇಡಿ. ಮೂರು ದಿನದ ನಂತರವೂ ಸರಿ ಅನ್ನಿಸಿದರೆ ಮುಂದುವರಿಯಿರಿ.

* ನಾಲ್ಕು ಪ್ರಶ್ನೆ ಕೇಳಿ. ಪ್ರಯೋಗ ಮಾಡಿದ್ದು ಒಬ್ಬರ ಮೇಲಾ, ಹಲವರ ಮೇಲಾ? ಎಷ್ಟು ದಿನ? ಊಟದ ಜೊತೆಗೆ ಇನ್ನೇನೇನು ಬದಲಾಗಿತ್ತು? ಇದನ್ನು ನಾನು ನಂಬಿದರೆ ಯಾರ ಸರಕು ಮಾರಾಟ ಆಗುತ್ತದೆ?

* ತೆಗೆಯುವ ಮುಂಚೆ ಸೇರಿಸಿ. ‘ಇದನ್ನು ತಿನ್ನಬೇಡಿ’ ಅನ್ನುವ ಬದಲು ತಟ್ಟೆಗೆ ಒಂದು ಕೋಸಂಬರಿ, ಒಂದು ಪಲ್ಯ, ಒಂದು ಹಣ್ಣು ಜಾಸ್ತಿ ಮಾಡಿ. ಹೊಟ್ಟೆ ತುಂಬಿದರೆ ಬಿಸ್ಕತ್ತಿನ ಡಬ್ಬಿ ತಾನಾಗಿ ನಿಧಾನ ಖಾಲಿಯಾಗುತ್ತದೆ.

* ತಿಂಗಳಿಗೆ ಒಂದೇ ಬದಲಾವಣೆ. ಕಾಫಿಗೆ ಎರಡು ಚಮಚ ಇದ್ದದ್ದು ಒಂದೂವರೆ ಆಗಲಿ. ಮುಂದಿನ ತಿಂಗಳು ಒಂದು. ನಾಲಿಗೆಗೂ ಗೊತ್ತಾಗುವುದಿಲ್ಲ, ಯಜಮಾನರಿಗೂ ಗೊತ್ತಾಗುವುದಿಲ್ಲ!

* ಮನೆಯವರ ಜೊತೆ ನೋಡಿ. ನೀವೊಬ್ಬರೇ ನೋಡಿ ಬಂದು ಕಾನೂನು ಮಾಡಿದರೆ ಅವರು ಬೇಲಿಯಾಚೆಯಿಂದ ತರಿಸಿಕೊಳ್ಳುತ್ತಾರೆ. ಒಟ್ಟಿಗೆ ನೋಡಿ, ಮಾತಾಡಿ, ‘ನಮ್ಮ ಮನೆಗೆ ಇದರಲ್ಲಿ ಯಾವುದು ಆಗುತ್ತೆ?’ ಅಂತ ಎಲ್ಲರನ್ನೂ ಕೇಳಿ. ದೊಡ್ಡವರ ಮಾತೂ ಬರಲಿ.

* ಮಕ್ಕಳ ಮುಂದೆ ‘ವಿಷ’ ಅನ್ನಬೇಡಿ. ‘ದಿನಾ ತಿನ್ನೋದು’, ‘ಯಾವಾಗಲಾದ್ರೂ ತಿನ್ನೋದು’ ಅಂತ ಎರಡೇ ಗುಂಪು ಮಾಡಿ ಹೇಳಿ. ಮಗು ಊಟ ಮುಚ್ಚಿಡುವುದು, ತಿಂದು ಅಳುವುದು, ಬೇರೆಯವರ ಮನೆಯಲ್ಲಿ ತಿನ್ನಲು ಹೆದರುವುದು ಕಂಡರೆ ಅದನ್ನು ‘ಒಳ್ಳೆ ಅಭ್ಯಾಸ’ ಅಂತ ಹೊಗಳಬೇಡಿ. ಕೂರಿಸಿಕೊಂಡು ಮಾತಾಡಿ. ಕಡಿಮೆಯಾಗದಿದ್ದರೆ ಮಕ್ಕಳ ಡಾಕ್ಟರನ್ನು ಕಾಣಿ.

* ಭಯಂಕರ ದೃಶ್ಯಗಳಿರುವುದನ್ನು ಚಿಕ್ಕ ಮಕ್ಕಳಿಗೆ ತೋರಿಸಬೇಡಿ. ಕಸಾಯಿಖಾನೆ, ಆಪರೇಷನ್ ಇತ್ಯಾದಿ ಇರುವ ಚಿತ್ರಗಳನ್ನು ಮೊದಲು ನೀವು ನೋಡಿ. ಅದರ ಬದಲು ಅಡುಗೆಯ ಇತಿಹಾಸ, ಊರೂರಿನ ಊಟ ತೋರಿಸುವಂಥವನ್ನು ಒಟ್ಟಿಗೆ ನೋಡಬಹುದು. ‘ರಾಜಾ ರಸೋಯಿ ಔರ್ ಅನ್ಯ ಕಹಾನಿಯಾಂ’ ಎಂಬ ಹಿಂದಿ ಸರಣಿ ಅಂಥದ್ದು. ಹೆದರಿಸುವುದಿಲ್ಲ, ಹಸಿವು ಹುಟ್ಟಿಸುತ್ತದೆ.

ಕೊನೆಗೆ ನಮ್ಮ ಮನೆಯ ಸುದ್ದಿ. ಮಗಳು ಅತ್ತ ಮಾರನೇ ದಿನವೇ ತಿಪಟೂರಿಗೆ ಫೋನ್ ಮಾಡಿದೆ. ‘ಅತ್ತೆ, ತಪ್ಪಾಯ್ತು’ ಅಂದೆ. ಅವರು, ‘ಅದ್ಯಾಕೆ ಬಿಡಮ್ಮ, ಮಗೂಗೇನು ಗೊತ್ತು’ ಅಂತ ಮಾತು ತೇಲಿಸಿದರು. ದಸರಾ ರಜೆಗೆ ಮಗಳನ್ನು ಊರಿಗೆ ಕಳಿಸಿದೆ. ಅಜ್ಜಿ ಮೊಮ್ಮಗಳು ಸೇರಿ ತಂಬಿಟ್ಟು ಮಾಡಿದರಂತೆ. ಕೊಬ್ಬರಿ ತುರಿದದ್ದು ಅಜ್ಜಿ, ಹುರಿಗಡಲೆ ಪುಡಿ ಮಾಡಿದ್ದು ಮೊಮ್ಮಗಳು. ಬೆಲ್ಲ ಎಷ್ಟು ಹಾಕುವುದು ಅಂತ ಇಬ್ಬರಿಗೂ ಜಗಳ ಆಗಿ, ಕೊನೆಗೆ ಅಜ್ಜಿ ಒಂದು ಹಿಡಿ ಕಡಿಮೆ ಹಾಕಿದರಂತೆ.

ವಾಪಸು ಬಂದವಳು ಬಾಗಿಲಲ್ಲೇ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. ‘ಅಮ್ಮಾ, ಇದು ಯಾವಾಗಲಾದ್ರೂ ತಿನ್ನೋದು. ಇವತ್ತು ಯಾವಾಗಲಾದ್ರೂ!’

ಬಾಯಿಗೆ ಹಾಕಿಕೊಂಡೆ. ಒಂದು ಹಿಡಿ ಬೆಲ್ಲ ಕಡಿಮೆಯಿದ್ದದ್ದು ಗೊತ್ತೇ ಆಗಲಿಲ್ಲ.